ರಿಂಗಾಗದ ಫೋನು

ಸಹಕಾರನಗರದ ಮೊಬೈಲ್ ಸರ್ವಿಸ್ ಸೆಂಟರಿನ ಸರದಿಯಲ್ಲಿ ನಿಂತ ಶಾಂತಲಾ, ಬೇರೆಯವರ ಮಾತು ಬೇಡವೆಂದರೂ ಕಿವಿಯನ್ನು ಎಲ್ಲಿ ಬಚ್ಚಿಟ್ಟುಕೊಂಡಾಳು?

"ವಾರಂಟಿ ಇದೆ ಮುನಿಲಕ್ಷ್ಮಮ್ಮ, ಹೊಸ ಫೋನೇ ಕೊಡ್ತೀವಿ," ಎಂದ ಕೌಂಟರಿನವನು.

"ಅದಿರ್ಲಿ. ಅಳೇದು ರಿಂಗೇ ಆಗ್ತಿರ್ಲಿಲ್ಲ ಅಂತ ಬರ್ಕೊಡಪ್ಪ," ಎಂದಳು ಮುಂದಿದ್ದ ಹೆಂಗಸು.

"ಯಾಕಮ್ಮ?"

"ಅಪ್ಪ ಸಾಯೋ ದಿನ ನಮ್ಮಣ್ಣ ಮೇಲಿಂದ್ಮೇಲೆ ಫೋನ್ ಮಾಡವ್ನೆ. ಜಮೀನಿನ ಸಿಟ್ಟಿಗೆ ನಾನು ಎತ್ತಲಿಲ್ಲ ಅಂತ ಊರೆಲ್ಲ ಏಳ್ಕೊಂಡು ತಿರುಗ್ತಾವ್ನೆ. ಸಿಟ್ಟೇನೋ ಇತ್ತು. ರಿಂಗಾಗಿದ್ರೆ ಓಡೋಗ್ತಿರ್ಲಿಲ್ವಾ?"

ಆತ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಸಿಮ್ಮನ್ನು ಹೊಸ ಫೋನಿಗೆ ಹಾಕಿ, "ಅಣ್ಣಂಗೆ ಈಗ್ಲೇ ಹೇಳ್ಬಿಡಿ," ಎಂದ.

ಆಕೆ ಫೋನನ್ನು ಕಿವಿಗಿಟ್ಟುಕೊಂಡು ನಿಂತಳು. ಬಹಳ ಹೊತ್ತು ನಿಂತಳು.

"ಕಾಲ್ ಹೋಗ್ತಿಲ್ವಾ ಅಮ್ಮ?"

"ಓಗ್ತೈತೆ ಕಣಪ್ಪ. ಅಲ್ಲಿ ರಿಂಗಾಗ್ತಾನೇ ಐತೆ," ಎಂದವಳು ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟುಹೋದಳು.