ಜೋಡಿ ಚುಕ್ಕೆ

ಹನ್ನೊಂದು ವರ್ಷದ ಹಿಂದೆ, ಮಾರ್ಚ್ ಆರು, ಮಂಗಳವಾರ. ನಿನ್ನನ್ನು ಕೆಲಸದಿಂದ ತೆಗೆದ ದಿನ. ನಾನೂ ಮರೆತಿಲ್ಲಮ್ಮ... ಕೂತುಕೋ. ಆ ಸ್ಟೂಲಲ್ಲ, ಅದರ ಕಾಲು ಕುಂಟು.

ಯಾಕೆ ನಗುತ್ತೀಯ? ಹೌದು, ಆಗಲೂ ಕುಂಟೇ ಇತ್ತು. ಈ ಪ್ರಯೋಗಾಲಯದಲ್ಲಿ ಮನುಷ್ಯರನ್ನು ಬದಲಾಯಿಸುತ್ತಾರೆ, ಸ್ಟೂಲನ್ನಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಶುದ್ಧ, ರೋಗವಿಲ್ಲ ಎಂದು ಸಹಿ ಹಾಕಿದ ತಾಯಿ ಬಾಳೆ. ಅದರ ಸಸಿಗಳೆಲ್ಲ ಎಲೆಗೆ ಹಳದಿ ಗೆರೆ ಬಿದ್ದು ಸತ್ತವು. ಸಸಿ ಕತ್ತರಿಸುವವಳು ನೀನು, ಸೂಕ್ಷ್ಮದರ್ಶಕಕ್ಕೆ ಸ್ಲೈಡು ಮಾಡುವವಳೂ ನೀನು; ವೈರಸ್ಸು ನಿನ್ನ ಚಾಕುವಿನಿಂದಲೇ ಅಂಟಿತು ಎಂದರು. ಎಂದರು... ಎಂದೆವು. ಅದು ತಪ್ಪು. ವೈರಸ್ಸಿನ ಡಿಎನ್‌ಎ ಹೊರಗಿನಿಂದ ಬರಲೇ ಇಲ್ಲ. ಬಾಳೆಯ ವರ್ಣತಂತುವಿನೊಳಗೇ, ಹೊಲಿದಿಟ್ಟ ಹಾಗೆ, ಕೂತಿತ್ತು. ಗಿಡ ಸೊರಗಿದಾಗ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇಗೋ ಚಿತ್ರ. ಬೇರಿನ ತುದಿಯ ಒಂದೇ ಒಂದು ಜೀವಕೋಶ. ನೀಲಿ ಕಡ್ಡಿಗಳು ವರ್ಣತಂತು. ಈ ಕೊನೆಯಲ್ಲಿ ಕೆಂಪಗೆ ಅಕ್ಕಪಕ್ಕ ಎರಡು ಚುಕ್ಕೆ, ಅದೇ ವೈರಸ್ಸು. ಒಂಟಿ ಚುಕ್ಕೆಯನ್ನು ಧೂಳು ಎನ್ನಬಹುದು, ಜೋಡಿಯನ್ನು ಎನ್ನುವಂತಿಲ್ಲ; ವರ್ಣತಂತು ಎರಡೆಳೆಯದು, ಎಳೆಗೊಂದು ಚುಕ್ಕೆ... ನಿನಗೇ ಪಾಠ ಹೇಳುತ್ತಿದ್ದೇನೆ, ನೋಡು! ಹೋದ ವಾರ ಕಂಡಿತು. ನಿರ್ದೇಶಕರಿಗೆ ಬರೆದಿದ್ದೇನೆ. ಈ ತಿಂಗಳು ನನಗೆ ನಿವೃತ್ತಿ. ಅಷ್ಟರೊಳಗೆ ನಿನ್ನ ಹೆಸರಿನ ಕಲೆ ಹೋಗಬೇಕು. ಸೋಮವಾರದಿಂದ ಕೆಲಸಕ್ಕೆ ಬಾ. ಏನನ್ನುತ್ತೀಯ?

ಬೈಯುವುದಾದರೆ ಬೈ...

ಚಿತ್ರದ ಮೇಲೆ ಬೆರಳಿಟ್ಟು ಏನು ಎಣಿಸುತ್ತಿದ್ದೀಯ? ಈ ಬಾಳೆಗೆ ವರ್ಣತಂತು ಮೂವತ್ತಮೂರು, ಎಣಿಸುವುದೇನಿದೆ? ಕೊಡು ಇಲ್ಲಿ. ಕೊಡು ಅಂದೆ!

...ಮೂವತ್ತೆರಡು. ಹೌದು. ಒಂದು ಕಡಿಮೆ. ಅಂದು ಗಾಜು ಒತ್ತುವಾಗ ನಿನ್ನ ಹೆಬ್ಬೆರಳು ಜಾರಿ ಒಂದು ಆಚೆ ಸರಿದುಹೋಗಿತ್ತು. ಕೈಯೋ ಕೊರಡೋ ಎಂದು ನಾನೇ ಗದರಿದ್ದೆ. ತನ್ನ ಕೈ ಮಾಡಿದ್ದನ್ನು ಕೈ ಮರೆಯುವುದಿಲ್ಲ, ಅಲ್ಲವೆ.

ಇದು ಹೋದ ವಾರದ್ದಲ್ಲ. ನಿನ್ನದೇ ಸ್ಲೈಡು. ಬಣ್ಣ ಹಾಕಿ ಚಿತ್ರ ತೆಗೆದದ್ದು ನಾನು, ನಿನ್ನನ್ನು ತೆಗೆದ ಸಭೆಯ ಹಿಂದಿನ ದಿನ.

ಹಾಗೆ ನೋಡಬೇಡ. ಜೋಡಿ ಎಂದು ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು... ಆದರೆ ತಾಯಿ ಬಾಳೆಗೆ ಹಾಕಿದ ಸಹಿ ನನ್ನದಿತ್ತು. ಸಭೆಯಲ್ಲಿ ಧೂಳು ಎಂದೆ. ಸ್ಲೈಡು ಕೊಳಕು, ಕೈಯೂ ಕೊಳಕು ಎಂದೆ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗಿದ್ದವರು: ನಿರ್ದೇಶಕರು, ತೋಟದ ಮೇಲ್ವಿಚಾರಕ, ಗುಮಾಸ್ತ, ನಾನು. ನನ್ನನ್ನು ಬಿಟ್ಟರೆ ಜೋಡಿ ಚುಕ್ಕೆಯ ಅರ್ಥ ಬಲ್ಲವಳು ನೀನೊಬ್ಬಳೇ, ನೀನು ಹೊರಗಿದ್ದೆ.