ನಲವತ್ತು ಕಾರ್ಡು

ಚಿತ್ತಾಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಶಹಾಬಾದಿನಲ್ಲಿ ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಚನ್ನು ವ್ಯಾಪಾರಿಗಳ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದ. ಅವನ ಚಿಗವ್ವ ಗುರುಲಿಂಗಮ್ಮ ಖಡಕ್ ರೊಟ್ಟಿ ಮಾರಿ, ಖಾಲಿ ಬುಟ್ಟಿ ಹಿಡಿದಿದ್ದಳು.

"ನಲವತ್ತು ಮಂದಿಗಿ ನನ್ನ ಅಂಗಡಿ ಕಾರ್ಡ್ ಕೊಟ್ಟೀನಿ, ಚಿಗವ್ವ."

"ಅವರೆಲ್ಲ ಮನಿ ಕಟ್ಟಲಿಕತ್ತಾರೇನು?"

"ಇಲ್ಲ, ಅವರೂ ಅಂಗಡಿಯವರೇ. ತಮ್ಮ ಕಾರ್ಡ್ ನನಗ ಕೊಟ್ರು."

"ಛಲೋ ಆತು. ಗಿರಾಕಿ ಒಬ್ಬನೂ ಇರಲಿಲ್ಲ."

"ಇದಕ್ಕ ನೆಟ್‌ವರ್ಕಿಂಗ್ ಅಂತಾರ. ಪ್ಲ್ಯಾನ್ ಬರದೀನಿ ನೋಡು. ಮೊದಲನೇ ತಿಂಗಳು ಪರಿಚಯ, ಎರಡನೇ ತಿಂಗಳು ವಿಶ್ವಾಸ."

"ಕಲ್ಲು ಮಾರೋದು ಯಾವ ತಿಂಗಳು?"

"ಅದು ಮುಂದಿನ ತರಬೇತ್ಯಾಗ ಹೇಳ್ತಾರಂತ."

"ಈ ಮೂರು ದಿನ ಅಂಗಡಿ ಯಾರು ನೋಡ್ಕೊಂಡ್ರು?"

"ಬಾಗಿಲು ಹಾಕಿ ಬಂದೀನಿ."

ಅಷ್ಟರಲ್ಲಿ ಚನ್ನುವಿಗೆ ಫೋನು ಬಂತು. ಮಾತು ಮುಗಿಸಿದಾಗ ಅವನ ಮುಖ ಇಳಿದಿತ್ತು.

"ಎರಡು ಲಾರಿ ಫರಸಿ ಬೇಕಂತ ಯಾರೋ ಬಂದಿದ್ರಂತ. ಬಾಗಿಲು ಹಾಕಿದ್ದು ನೋಡಿ ಎದುರಿನ ಅಂಗಡಿಗಿ ಹೋದ್ರಂತ."

"ಆ ಎದುರಿನವ ಈ ತರಬೇತಿಗಿ ಬಂದಿದ್ದನೇನು?"

"ಅವನಿಗೇನು ತಿಳೀತದ ಚಿಗವ್ವ? ದಿನಾ ಮುಂಜಾನಿಂದ ಅಂಗಡ್ಯಾಗ ಕುಂತಿರ್ತಾನ, ಅಷ್ಟೇ."

ಶಹಾಬಾದ ಬಸ್ಸು ಬಂತು. ಗುರುಲಿಂಗಮ್ಮ ಮೊದಲು ಹತ್ತಿದಳು. ಚನ್ನು ತಿರುಗಿ ಬಂದು ನನ್ನ ಕೈಗೂ ಒಂದು ಕಾರ್ಡು ತುರುಕಿ ಓಡಿದ.