ಸೌಂಡ್ ಡ್ರೈವರ್ ಇಲ್ಲದ ಭಾನುವಾರ

ಪರದೇಶದ ಈ ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಬೆಂಚಿನಲ್ಲಿ ಪಕ್ಕದವರು ಕನ್ನಡ ಮಾತಾಡತೊಡಗಿದ ಮೇಲೆ ನನ್ನ ಪೇಪರ್ ಓದು ಮುಗಿದಂತೆಯೇ. ಮಧ್ಯವಯಸ್ಸಿನ ಮಹಿಳೆಯ ಮಾತು ಉಡುಪಿ ಕಡೆಯದು. ಯುವಕ ಅವರ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ಸಾರಿ ರಾಜೀವಿ ಆಂಟಿ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಎಕ್ಸ್‌ಪಿ ಹಾಕಿದಾಗ ಕ್ಯಾಮೆರಾ ಡ್ರೈವರ್ ಹಾಕ್ದೆ, ಸೌಂಡ್‌ದು ಮರ್ತೇಬಿಟ್ಟೆ.”

“ಅಡ್ಡಿಲ್ಲ ಮಾರಾಯ. ವಿಡಿಯೋ ಕಾಲಲ್ಲಿ ಊರಿನ ಅಮ್ಮನ ಮುಖ ಚಂದ ಕಾಣ್ತಿತ್ತು.”

“ಮಾತೇ ಕೇಳಿಸ್ಲಿಲ್ವಲ್ಲ. ಬೇಗ ಕಟ್ ಮಾಡಿದ್ರಾ?”

“ಇಲ್ಲ. ಫೋನಲ್ಲಾದ್ರೆ ಎರಡು ಮಾತಿಗೇ ‘ಮತ್ತೆಂತ, ಇಡ್ತೇನೆ’ ಅಂತಾರೆ. ಮೊನ್ನೆ ಭಾನುವಾರ ಕೇಳುದಿಲ್ಲ ಅಂತ ಗೊತ್ತಾದ ಮೇಲೆ ಮಲ್ಲಿಗೆ ಬುಟ್ಟಿ ತಂದು ಕ್ಯಾಮೆರಾದ ಎದುರೇ ಕೂತ್ರು. ಇಡೀ ಒಂದು ಚೆಂಡು, ಅಂದ್ರೆ ಎಂಟ್ನೂರು ಹೂ, ಕಟ್ಟಿ ಮುಗಿಸಿದ್ರು. ನಾನು ಇಲ್ಲಿ ಬಟ್ಟೆ ಮಡಚಿದೆ.”

“ಸುಮ್ನೆ ಹಾಗೇನಾ?”

“ಆಗಾಗ ತಲೆ ಎತ್ತಿ ನೋಡ್ತಿದ್ರು, ನಾನಿದ್ದೇನಾ ಅಂತ.”

ಯುವಕ ಪೆನ್‌ಡ್ರೈವ್ ಚುಚ್ಚಿದ.

“ಡ್ರೈವರ್ ಇದ್ರಲ್ಲಿದೆ ಆಂಟಿ. ನಿಮ್ಮ ಟ್ರೇನ್ ಬರೋದ್ರೊಳಗೆ ಹಾಕ್ಬಿಡ್ತೀನಿ. ಈ ಭಾನುವಾರ ಆರಾಮಾಗಿ ಮಾತಾಡಿ.”

ಅವರು ಕೀಬೋರ್ಡಿನ ಮೇಲೆ ಕೈ ಅಡ್ಡ ಇಟ್ಟರು.

“ತ್ರಿವಿಕ್ರಮ, ಮುಂದಿನ ವಾರ ಹಾಕಿದ್ರೆ ಆಗ್ತದಾ?”

“ಯಾಕೆ ಆಂಟಿ? ಐದೇ ನಿಮಿಷದ ಕೆಲಸ.”

“ಇರ್ಲಿ. ಮಾತು ಕೇಳಿಸಿದ್ರೆ ಅಮ್ಮ ಪುನಃ ‘ಇಡ್ತೇನೆ’ ಅಂತಾರೆ.”

ಅವನು ಪೆನ್‌ಡ್ರೈವ್ ಕಿತ್ತು ಲ್ಯಾಪ್‌ಟಾಪ್ ಮುಚ್ಚಿಕೊಟ್ಟ. ರೈಲು ಬಂತು. ಅವರು ಹತ್ತಿ, ಬಾಗಿಲಲ್ಲೇ ತಿರುಗಿ ನಿಂತರು.

“ಇನ್ನೊಂದು ಚೆಂಡು ಕಟ್ಲಿ ಮಾರಾಯ. ಆಮೇಲೆ ಹಾಕು.”